ಒಳಗಿನ ಕುರ್ಚಿ

ಚಹಾದ ಕಪ್ಪನ್ನು ತಟ್ಟೆಯ ಮೇಲಿಟ್ಟಾಗ ಸದ್ದಾಗಲಿಲ್ಲ. ನೆರಿಡಾ ಅದನ್ನು ಮತ್ತೊಮ್ಮೆ ಎತ್ತಿ, ಈ ಸಲ ಬೇಕೆಂದೇ ಬಹಳ ನಿಧಾನವಾಗಿ ಇಳಿಸಿದಳು. ಆಗಲೂ ಸದ್ದಿಲ್ಲ. ಕೈ ಕಲ್ಲಿನ ಹಾಗಿತ್ತು. ಎದ್ದ ಕೂಡಲೇ ಸೂಜಿಗೆ ದಾರ ಪೋಣಿಸಿ ನೋಡಿದ್ದಳು, ಅದೂ ಒಂದೇ ಸಲಕ್ಕೆ ಹೋಗಿತ್ತು. ಇದೇ ಅವಳನ್ನು ಹೆಚ್ಚು ಹೆದರಿಸುತ್ತಿದ್ದದ್ದು. ಕೈ ಎಲ್ಲದಕ್ಕೂ ನಡುಗಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು, ವೈದ್ಯರ ಮುಂದೆ ಕೂತು ಹೇಳಿಕೊಳ್ಳಬಹುದಿತ್ತು, ಜನ ಪಾಪ ಎನ್ನುತ್ತಿದ್ದರು. ಇದು ಪಿಟೀಲಿನ ಕಮಾನು ಹಿಡಿದಾಗ ಮಾತ್ರ ಬರುತ್ತಿತ್ತು. ಅದೂ ಜೋರಾಗಿ ನುಡಿಸುವಾಗ ಅಲ್ಲ, ವೇಗವಾಗಿ ನುಡಿಸುವಾಗ ಅಲ್ಲ. ಮೆಲ್ಲಗೆ, ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುವಾಗ ಕಮಾನಿನ ನಡುಭಾಗ ದಾಟುತ್ತಿದ್ದ ಹಾಗೆ, ಅಳು ತಡೆದುಕೊಂಡ ಮಗುವಿನ ತುಟಿಯಂತೆ ಅದು ತಂತಿಯ ಮೇಲೆ ಅದುರುತ್ತಿತ್ತು. ಹೋದ ಬೇಸಿಗೆಯ ಕೊನೆಗೆ ಶುರುವಾದದ್ದು. ಮೊದಲ ದಿನ ಕಮಾನಿಗೆ ಉಜ್ಜುವ ರಾಳ ಕಡಿಮೆಯಾಗಿದೆ ಎಂದುಕೊಂಡಿದ್ದಳು. ಆಮೇಲೆ ಕಮಾನಿನ ಕೂದಲು ಹಳತಾಗಿದೆ ಎಂದು ಹೊಸದು ಹಾಕಿಸಿದಳು. ಆಮೇಲೆ ಯಾರೂ ತನ್ನ ಗುರುತು ಹಿಡಿಯದ ದೂರದ ಬಡಾವಣೆಯ ಔಷಧಿ ಅಂಗಡಿಗೆ ಹೋಗಿ, ಎದೆಬಡಿತ ಇಳಿಸುವ ಮಾತ್ರೆ ತಂದಳು. ವಾದಕರಲ್ಲಿ ಎಷ್ಟೋ ಜನ ಅದನ್ನು ನುಂಗುತ್ತಾರೆ, ಬಾಯಿಬಿಡುವುದಿಲ್ಲ. ಎದೆ ಸುಮ್ಮನಾಯಿತು. ಕಮಾನು ಸುಮ್ಮನಾಗಲಿಲ್ಲ.

ಇವತ್ತು ಭಾನುವಾರ, ಮಧ್ಯಾಹ್ನದ ಕಛೇರಿ. ಸಿಂಫನಿಯ ಮೂರನೆಯ ಭಾಗದ ಕೊನೆಗೆ, ಇಡೀ ವಾದ್ಯವೃಂದ ಒಬ್ಬೊಬ್ಬರಾಗಿ ಮೌನವಾಗಿ, ಮೊದಲ ಕುರ್ಚಿಯ ಪಿಟೀಲೊಂದೇ ಉಳಿಯುತ್ತದೆ. ಆ ಪಿಟೀಲು ಮೇಲೆ ಮೇಲೆ ಹತ್ತಿ, ಇನ್ನು ಹತ್ತಲು ಜಾಗವಿಲ್ಲದ ಕಡೆ ಒಂದು ಸ್ವರ ಹಿಡಿದು, ಅದನ್ನು ಬಿಡದೆ, ಕೇಳಿಸುತ್ತಿದೆಯೋ ಇಲ್ಲವೋ ಎಂಬಷ್ಟಕ್ಕೆ ಇಳಿಸುತ್ತಾ ಹೋಗಬೇಕು. ಮೊದಲ ಕುರ್ಚಿ ನೆರಿಡಾಳದು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅವಳದು.

ಬಸ್ಸು ಅವಳ ಮನೆಯಿದ್ದ ಬೆಲ್ಲೆರಿವ್ ಬಡಾವಣೆ ಬಿಟ್ಟು ನದಿಯ ಸೇತುವೆಯ ಬುಡಕ್ಕೆ ಬಂದು ನಿಂತಿತು. ಕೆಳಗೆ ದೊಡ್ಡ ಹಡಗೊಂದು ದಾಟುವುದಿತ್ತು. ಎಷ್ಟೋ ವರ್ಷದ ಹಿಂದೆ ಹಡಗು ಬಡಿದು ಸೇತುವೆ ಮುರಿದು ಬಿದ್ದ ಮೇಲೆ, ಹಡಗು ದಾಟುವವರೆಗೂ ವಾಹನಗಳನ್ನು ನಿಲ್ಲಿಸುತ್ತಾರೆ. ಆಚೆ ದಡದಲ್ಲಿ ಹೋಬಾರ್ಟ್ ಊರು, ಊರಿನ ಹಿಂದೆ ಬೆಟ್ಟ, ಬೆಟ್ಟದ ಹೆಗಲ ಮೇಲೆ ರಾತ್ರಿ ಬಿದ್ದ ಹಿಮ. ಬಸ್ಸಿನ ಚಾಲಕ ಹಿಂದಕ್ಕೆ ತಿರುಗಿ, "ಇವತ್ತು ನಿಮ್ದೇ ಅಲ್ವಾಮ್ಮ? ನಮ್ಮತ್ತೆ ಬೆಳಿಗ್ಗೆಯಿಂದ ಹ್ಯಾಟು ಹಾಕ್ಕೊಂಡು ಕೂತವ್ಳೆ" ಎಂದ. ಅವಳು ನಕ್ಕಳು. ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಹಿಡಿದಳು. "ಧೈರ್ಯವಾಗಿ ನುಡಿಸಿ" ಎಂದು ಅವನು ಸೇರಿಸಿದ. ಧೈರ್ಯ ಯಾಕೆಂದ? ಇಷ್ಟು ವರ್ಷ ಇದೇ ಬಸ್ಸಿನಲ್ಲಿ ಹೋಗಿದ್ದಾಳೆ, ಯಾರೂ ಧೈರ್ಯದ ಮಾತು ಎತ್ತಿರಲಿಲ್ಲ. ಅಪ್ಪನೂ ಇದೇ ಊರಿನಲ್ಲಿ ಟ್ರ್ಯಾಮ್ ಓಡಿಸುತ್ತಿದ್ದ. ಮಗಳು ಪಾಠಕ್ಕೆ ಹೋಗುವ ದಿನ ತಿರುವಿನಲ್ಲಿ ನಿಧಾನ ಮಾಡುತ್ತಿದ್ದ, ಪೆಟ್ಟಿಗೆಗೆ ಪೆಟ್ಟಾಗದಿರಲೆಂದು. ಪ್ರಯಾಣಿಕರು, ಏನಯ್ಯಾ ಇವತ್ತು ಮೊಟ್ಟೆ ಸಾಗಿಸ್ತಾ ಇದ್ದೀಯಾ ಎಂದು ರೇಗಿಸುತ್ತಿದ್ದರು. ಅವಳು ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋದಳು, ಅಲ್ಲಿ ಒಂದು ಚಿಕ್ಕ ಸಭಾಂಗಣದಲ್ಲಿ ಒಬ್ಬಳೇ ನಿಂತು ನುಡಿಸಿದಳು. ಮರುದಿನ ಪತ್ರಿಕೆಯಲ್ಲಿ ವಿಮರ್ಶಕನೊಬ್ಬ ಅವಳ ಬಗ್ಗೆ ಬರೆದದ್ದು ಒಂದೇ ಗುಣ: ನಂಬಬಹುದಾದ ವಾದಕಿ. ಬಾಡಿಗೆ ಕೋಣೆಯಲ್ಲಿ ದಿಂಬು ಒದ್ದೆಯಾಗುವಷ್ಟು ಅತ್ತಿದ್ದಳು ಅದಕ್ಕೆ. ಅದ್ಭುತ ಎನ್ನಬಹುದಿತ್ತು, ಕೆಟ್ಟದಾಗಿದೆ ಎಂದರೂ ಆಗುತ್ತಿತ್ತು, ನಂಬಬಹುದು ಎಂದುಬಿಟ್ಟನಲ್ಲ, ಸಾಮಾನು ಹೊರುವ ಕುದುರೆಯ ಬಗ್ಗೆ ಹೇಳಿದ ಹಾಗೆ. ಈಗ ಹಡಗಿನ ಉದ್ದನೆಯ ಬೆನ್ನು ಸೇತುವೆಯಡಿ ಜಾರುತ್ತಿರುವುದನ್ನು ನೋಡುತ್ತಾ ಅವಳಿಗೆ ಆ ಮಾತೊಂದು ಬಿಟ್ಟು ಬೇರೇನೂ ಬೇಡವಾಗಿತ್ತು. ಹಡಗು ಕಂಬಕ್ಕೆ ತಾಗಿದರೆ, ಎಂದುಕೊಂಡಳು. ತಾಗಿಬಿಟ್ಟರೆ ಕಛೇರಿ ಇರುವುದಿಲ್ಲ. ಆಮೇಲೆ ಬಸ್ಸಿನಲ್ಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿ, ಆ ಯೋಚನೆಗೆ ತಾನೇ ನಾಚಿ ತಲೆ ತಗ್ಗಿಸಿದಳು.

ಸಭಾಂಗಣದ ಹಿಂಬಾಗಿಲಲ್ಲಿ ಬಂದರಿನ ಗಾಳಿ, ಮೀನಿನ ವಾಸನೆ, ಕಡಲಹಕ್ಕಿಗಳ ಜಗಳ. ವೇದಿಕೆಯ ಮೇಲೆ ಕೆವ್ ಮಂಡಿಯೂರಿ ಕೂತಿದ್ದ. ಕುರ್ಚಿ ಜೋಡಿಸುವುದು, ಸ್ಟ್ಯಾಂಡ್ ಇಡುವುದು, ದೀಪ ಸರಿಮಾಡುವುದು ಅವನ ಕೆಲಸ. ಅವಳ ಕುರ್ಚಿಯನ್ನು ತಲೆಕೆಳಗಾಗಿಸಿ ಕಾಲುಗಳಿಗೆ ರಬ್ಬರಿನ ಬಿರಡೆ ಹಾಕುತ್ತಿದ್ದ.

"ಏನೋ ಇದು ಕೆವ್?"

"ಕಿರ್ರ್ ಅಂತಿತ್ತು. ನಿಮ್ಮ ಆ ಮೆಲ್ಲನೆ ಜಾಗದಲ್ಲಿ ಸದ್ದು ಬಂದ್ರೆ ಚೆಂದ ಅಲ್ಲ ನೋಡಿ."

"ಇಷ್ಟು ವರ್ಷ ಕಿರ್ರ್ ಅನ್ನಲಿಲ್ವಾ?"

"ಅಂತಿತ್ತೇನೋ" ಎಂದ ಕೆವ್, ಅವಳ ಮುಖ ನೋಡದೆ.

ಇವನಿಗೂ ಗೊತ್ತು. ನಿನ್ನೆಯ ತಾಲೀಮಿನಲ್ಲಿ ಆ ಸ್ವರ ಅದುರಿತ್ತು. ಬಹಳವಲ್ಲ. ಅವಳು ಕಮಾನು ಎತ್ತಿ, "ಇದು ಇನ್ನೂ ಹಾಸಿಗೆಯಿಂದ ಎದ್ದಿಲ್ಲ" ಎಂದು ತಮಾಷೆ ಮಾಡಿದ್ದಳು. ಎಲ್ಲರೂ ನಕ್ಕರು. ಆಮೇಲೆ ಕಾಲು ಉಜ್ಜಿದರು. ವಾದ್ಯ ಕೈಯಲ್ಲಿರುವವರು ಚಪ್ಪಾಳೆ ತಟ್ಟಲಾರರು. ತಮ್ಮವರೊಬ್ಬರು ಚೆನ್ನಾಗಿ ನುಡಿಸಿದರೆ ಬೂಟುಗಾಲನ್ನು ನೆಲಕ್ಕೆ ಉಜ್ಜಿ ಮೆಚ್ಚುಗೆ ಹೇಳುತ್ತಾರೆ. ನಿನ್ನೆ ಹಿಂದಿನ ಸಾಲುಗಳಿಂದಲೂ ಉಜ್ಜಿದರು, ಕಹಳೆಯವರೂ ಉಜ್ಜಿದರು, ಅವಳ ಜೀವನದ ಅತ್ಯುತ್ತಮ ಕಛೇರಿಗಳಲ್ಲೂ ಉಜ್ಜದಷ್ಟು. ಆ ಸದ್ದು ರಾತ್ರಿಯೆಲ್ಲಾ ಅವಳ ಕಿವಿಯಲ್ಲಿತ್ತು. ಹೊಸಬರಿಗೆ, ಕಾಯಿಲೆ ಬಿದ್ದು ಎದ್ದವರಿಗೆ, ಹೋಗಲಿರುವವರಿಗೆ ಹಾಗೆ ಉಜ್ಜುತ್ತಾರೆ.

ಸ್ಟ್ಯಾಂಡಿನ ಮೇಲಿದ್ದ ಸ್ವರಲಿಪಿಯನ್ನು ಆ ಪುಟಕ್ಕೆ ತೆಗೆದಳು. ಬಲಗಡೆಯ ಪುಟ, ತೀರಾ ಕೆಳಗಿನ ಸಾಲು, ಕೊನೆಯ ಸ್ವರ. ಅದರ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ ಪುಟ್ಟ ಕನ್ನಡಕ. ಇಲ್ಲಿ ಕಣ್ಣಿಟ್ಟಿರು, ಎಚ್ಚರ ಎಂಬುದಕ್ಕೆ ವಾದಕರು ಹಾಕಿಕೊಳ್ಳುವ ಗುರುತು. ಅವಳು ಹಾಕಿದ್ದಲ್ಲ. ಅವಳ ಸ್ಟ್ಯಾಂಡನ್ನು ಹಂಚಿಕೊಳ್ಳುವವನು ಕ್ಲೈವ್. ಎರಡು ಕುರ್ಚಿಗೆ ಒಂದು ಸ್ಟ್ಯಾಂಡು: ಜನರ ಕಡೆಗಿರುವ ಹೊರಗಿನ ಕುರ್ಚಿ ಅವಳದು, ಒಳಗಿನದು ಅವನದು. ಪುಟ ತಿರುವುವುದು ಒಳಗಿನವನ ಕೆಲಸ. ಎಲ್ಲೇ ಆಗಲಿ, ಯಾವ ಊರಿನಲ್ಲೇ ಆಗಲಿ, ಹೊರಗಿನವರು ಪುಟ ಮುಟ್ಟುವುದಿಲ್ಲ. ಕನ್ನಡಕ ಹೋದ ವಾರ ಬಂದಿತ್ತು. ಅವಳು ಅದನ್ನು ರಬ್ಬರಿನಿಂದ ಅಳಿಸಿದ್ದಳು. ಮರುದಿನ ಮತ್ತೆ ಬಂದಿತ್ತು, ಸ್ವಲ್ಪ ದೊಡ್ಡದಾಗಿ.

"ಬಂದ್ಯಾ ಮಾರಾಯ್ತಿ" ಎನ್ನುತ್ತಾ ಕ್ಲೈವ್ ಬಂದ. ದಪ್ಪ ಮನುಷ್ಯ, ಕಪ್ಪು ಕೋಟಿನ ಗುಂಡಿ ಹೊಟ್ಟೆಯ ಮೇಲೆ ಬಿಗಿದು ನಿಂತಿತ್ತು. ಕೈಯಲ್ಲಿ ಕಾಗದದ ಪೊಟ್ಟಣ. "ತಗೋ, ಮೊಟ್ಟೆ. ಆ ಕೆಂಪು ಕೋಳಿಯದು. ಚಳಿಗಾಲದಲ್ಲಿ ಒಂದೂ ಇಡಲ್ಲ ಅಂತ ಮುಷ್ಕರ ಹೂಡಿತ್ತು. ಅಡುಗೆಮನೆ ಕಿಟಕಿಯಿಂದ ಬಾಣಲೆ ತೋರಿಸ್ದೆ. ಇಟ್ಬಿಡ್ತು."

"ನಿನ್ನೆನೂ ಕೊಟ್ಟಿದ್ದೆಯಲ್ಲ ಕ್ಲೈವ್."

"ನಿನ್ನೆದು ಬಿಳಿ ಕೋಳಿ."

ಅವಳು ಪೊಟ್ಟಣ ತೆಗೆದುಕೊಂಡಳು. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವೋ, ಅವನ ಕೈಯ ಕಾವೋ. ಇವನು ಮೊದಲ ಕುರ್ಚಿಗೆ ಒಮ್ಮೆ ಅರ್ಜಿ ಹಾಕಿದ್ದ. ಪರೀಕ್ಷಕರಿಗೆ ಮುಖ ಕಾಣದಂತೆ ಪರದೆಯ ಹಿಂದೆ ನಿಂತು ನುಡಿಸಿದ್ದರು ಇಬ್ಬರೂ. ಪರದೆ ಸರಿದಾಗ ಅವಳ ಹೆಸರು ಬಂತು. ಅವನು ಬಂದು ಕೈ ಕುಲುಕಿ, ಪರದೆ ತುಂಬಾ ತೆಳು ಇತ್ತು, ನನ್ನ ಹೊಟ್ಟೆ ಕಂಡಿರಬೇಕು ಎಂದಿದ್ದ. ಆದರೆ ಅವಳು ಅವನಿಗೆ ಹೆದರುತ್ತಿದ್ದದ್ದು ಅದಕ್ಕಲ್ಲ. ಅದಕ್ಕೂ ಮೊದಲು, ಮೊದಲ ಕುರ್ಚಿಯಲ್ಲಿ ಗೇಜಾ ಇದ್ದಾಗ, ಕ್ಲೈವ್ ಎರಡನೆಯ ಸ್ಟ್ಯಾಂಡಿನಲ್ಲಿ, ಸರಿಯಾಗಿ ಅವಳ ಬೆನ್ನ ಹಿಂದೆ ಕೂರುತ್ತಿದ್ದ. ಆ ದಿನವೂ ಕೂತಿದ್ದ.

ಗೇಜಾ ಯುದ್ಧ ಮುಗಿದ ಮೇಲೆ ಹಂಗೇರಿಯಿಂದ ಹಡಗು ಹತ್ತಿ ಬಂದವರು. ಕಂದು ಬಣ್ಣದ ಉಣ್ಣೆಯಂಗಿ, ಜೇಬಿನಲ್ಲಿ ಪುದೀನದ ಮಿಠಾಯಿ, ಇನ್ನೊಂದು ಜೇಬಿನಲ್ಲಿ ಮಡಚುವ ಚಾಕು. ಆಗ ಮೊದಲ ಕುರ್ಚಿ ಅವರದು, ಒಳಗಿನ ಕುರ್ಚಿ ಲಂಡನ್ನಿನಿಂದ ಮರಳಿದ ನೆರಿಡಾಳದು. ಲಂಡನ್ನಿನಲ್ಲಿ ಒಬ್ಬಳೇ ನಿಂತು ನುಡಿಸಿದವಳಿಗೆ ಪುಟ ತಿರುವುವ ಕೆಲಸ ಅವಮಾನವೆನಿಸಿ ಮುಖ ಊದಿಸಿಕೊಂಡಿದ್ದಳು. ಗೇಜಾ ಮೊದಲ ದಿನವೇ ಅದನ್ನು ಕಂಡು, ಸೇಬು ಸುಲಿಯುತ್ತಾ, "ಇದು ಸಣ್ಣ ಕೆಲಸ ಅಂದ್ಕೋಬೇಡ ಮಗಳೇ. ನಾನು ಈಗಿನದನ್ನ ನುಡಿಸ್ತಾ ಇರ್ತೀನಿ. ಮುಂದಿನದು ಪೂರ್ತಿ ನಿನ್ನ ಕೈಯಲ್ಲಿರುತ್ತೆ" ಎಂದಿದ್ದರು. ಸೇಬಿನ ಅರ್ಧ ಅವಳಿಗೆ ಕೊಟ್ಟಿದ್ದರು. ಆಮೇಲೆ ಪ್ರತಿ ವಿರಾಮದಲ್ಲೂ ಅರ್ಧ ಸೇಬು. ಅವರ ಕಮಾನು ಅದುರಲು ಶುರುವಾದಾಗ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವಳಿಗೆ. ಅವಳು ಯಾರಿಗೂ ಹೇಳಲಿಲ್ಲ, ಆ ಮಟ್ಟಿಗೆ ಅವಳ ಮೇಲೆ ಯಾವ ದೂರೂ ಇಲ್ಲ. ಆ ದಿನವೂ ಇದೇ ಸಿಂಫನಿ. ಇದೇ ಸ್ವರ. ಗೇಜಾ ಅದನ್ನು ಹಿಡಿದರು, ಅದು ಅದುರಿತು, ತುಂಡಾಯಿತು, ಮತ್ತೆ ಬಂತು, ಮತ್ತೆ ತುಂಡಾಯಿತು. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಅವಳ ಪಿಟೀಲು ತೊಡೆಯ ಮೇಲಿತ್ತು. ಅದನ್ನೆತ್ತಿ, ಅದೇ ಸ್ವರವನ್ನು ಅವರ ಸ್ವರದಡಿ ಸೇರಿಸಿಬಿಡಬಹುದಿತ್ತು. ಎರಡು ಕಮಾನು ಒಂದರೊಳಗೊಂದು ಹೋದರೆ ಕೇಳುವವರಿಗೆ ಬೇರೆ ಮಾಡಲಾಗದು. ಅವಳ ಎಡಗೈ ಬೆರಳು ತಂತಿಯ ಮೇಲೆ ಆ ಜಾಗಕ್ಕೆ ಹೋಗಿಯೂ ಇತ್ತು. ಆದರೆ ಲಿಪಿಯಲ್ಲಿ ಸ್ಪಷ್ಟವಾಗಿ ಬರೆದಿತ್ತಲ್ಲ, ಒಬ್ಬರು ಮಾತ್ರ ಎಂದು. ಬೆರಳು ತೆಗೆದಳು. ಸರಿಯಾದ ಹೊತ್ತಿಗೆ, ಉಸಿರಿನಷ್ಟೂ ಸದ್ದಾಗದಂತೆ, ಪುಟ ತಿರುವಿದಳು. ಸಿಂಫನಿ ಬಂದದ್ದು ವಿರಾಮದ ನಂತರ, ಆ ದಿನದ ಸೇಬು ಆಗಲೇ ಮುಗಿದಿತ್ತು. ಆದರೂ ಎಲ್ಲ ಮುಗಿದ ಮೇಲೆ ಗೇಜಾ ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ನಿಂತು ಅರ್ಧ ಸೇಬು ಚಾಚಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ತಿಂದಳು. ವರ್ಷ ಮುಗಿಯುವುದರೊಳಗೆ ಅವರು ಬಿಟ್ಟು ಹೋದರು, ಊರಂಚಿನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರಂತೆ. ಅವಳು ಒಮ್ಮೆಯೂ ಹೋಗಲಿಲ್ಲ. ಶವಸಂಸ್ಕಾರದ ದಿನ ಚರ್ಚಿನ ಕಡೆಯ ಬೆಂಚಿನಲ್ಲಿ ಕೂತು, ಎಲ್ಲರಿಗಿಂತ ಮೊದಲು ಎದ್ದು ಬಂದಿದ್ದಳು.

"ಏಯ್, ಸೂಪು ಆರುತ್ತೆ" ಎಂದಳು ಬ್ರಾನ್ವಿನ್. ಅವಳು ಎರಡನೆಯ ಪಿಟೀಲಿನವರ ಮುಖ್ಯಸ್ಥೆ, ನೆರಿಡಾಳ ಜೊತೆ ಶಾಲೆಯಲ್ಲಿ ಓದಿದವಳು. ತಾನು ಯಾವಾಗ ವೇದಿಕೆಯಿಂದ ಒಳಗೆ ಬಂದು ಕೂತದ್ದು ಎಂಬುದೇ ನೆರಿಡಾಳಿಗೆ ನೆನಪಿರಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಕುಂಬಳಕಾಯಿ ಸೂಪು ಹಬೆಯಾಡುತ್ತಿತ್ತು.

"ನಂಗೆ ಯಾಕೆ ತಂದೆ?"

"ಯಾಕೆ ಅಂದ್ರೆ? ಹೊಟ್ಟೆ ಇದೆಯಲ್ಲ ನಿಂಗೆ. ಹೋದ ವಾರದಿಂದ ಕಡ್ಡಿ ಥರ ಆಗಿದ್ದೀಯ."

"ಏನಾದ್ರೂ ಮಾತಾಡ್ತಿದ್ದಾರಾ, ನನ್ನ ಬಗ್ಗೆ?"

ಬ್ರಾನ್ವಿನ್ ಫ್ಲಾಸ್ಕಿನ ಬಿರಡೆ ತಿರುಗಿಸಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುಗಿಸಿದಳು ಎಂದು ನೆರಿಡಾಳಿಗೆ ಅನಿಸಿತು. "ಕಹಳೆಯವರು ಕುದುರೆ ಜೂಜಿನ ಬಗ್ಗೆ ಮಾತಾಡ್ತಿದ್ದಾರೆ. ನೀನು ಕುಡೀತೀಯೋ ಇಲ್ಲ ಮೂಗು ಹಿಡಿದು ಕುಡಿಸ್ಲೋ?"

ಕುಡಿದಳು. ಆಗ ಕೋಲು ಹಿಡಿದು ವಾದ್ಯವೃಂದವನ್ನು ನಡೆಸುವ ಸಂಚಾಲಕ ಟೊಬಾಯಸ್ ಬಾಗಿಲಲ್ಲಿ ತಲೆ ಹಾಕಿದ. ಆಕ್ಲೆಂಡಿನಿಂದ ಬಂದವನು, ಅವಳಿಗೆ ಮಗನಾಗುವಷ್ಟು ಚಿಕ್ಕವನು. "ನೆರಿಡಾ, ಆ ಕೊನೇ ಸ್ವರ ನಿಮಗೆ ಎಷ್ಟು ಬೇಕೋ ಅಷ್ಟೇ ಹಿಡೀರಿ. ಕಡಿಮೆ ಆದ್ರೂ ಪರವಾಗಿಲ್ಲ. ನಾನು ನಿಮ್ಮ ಹಿಂದೇನೇ ಬರ್ತೀನಿ" ಎಂದ, ಮೃದುವಾಗಿ. ಅವನು ಹೋದ ಮೇಲೂ ಅವಳು ಬಾಗಿಲನ್ನೇ ನೋಡುತ್ತಿದ್ದಳು. ರಬ್ಬರು, ಮೊಟ್ಟೆ, ಸೂಪು, ಕಡಿಮೆ ಆದರೂ ಪರವಾಗಿಲ್ಲ. ಸುತ್ತಲಿಂದ ಒಂದೊಂದೇ ದಯೆ ಬಂದು ಅವಳನ್ನು ಮುತ್ತುತ್ತಿತ್ತು, ಆಸ್ಪತ್ರೆಯಲ್ಲಿ ಹಾಸಿಗೆಯ ಸುತ್ತ ಪರದೆ ಎಳೆಯುತ್ತಾರಲ್ಲ ಹಾಗೆ. ಯಾರಾದರೊಬ್ಬರು ಒರಟಾಗಿ ಬೈದಿದ್ದರೆ ಎದ್ದು ಅವರ ಕಾಲಿಗೆ ಬೀಳುತ್ತಿದ್ದಳೇನೋ.

ಕಛೇರಿಯ ಮೊದಲರ್ಧ ಹೇಗೆ ಮುಗಿಯಿತೋ ತಿಳಿಯಲಿಲ್ಲ. ಭಾನುವಾರದ ಜನ, ಬಿಳಿತಲೆಗಳು, ಉಣ್ಣೆಯ ಕೋಟುಗಳು, ಮಿಠಾಯಿಯ ಕಾಗದ ಬಿಚ್ಚುವ ಸದ್ದು. ಮೂರನೆಯ ಸಾಲಿನಲ್ಲಿ ನೇರಳೆ ಹ್ಯಾಟಿನ ಮುದುಕಿಯೊಬ್ಬಳಿದ್ದಳು, ಬಸ್ಸಿನವನ ಅತ್ತೆ ಇವಳೇ ಇರಬೇಕು. ಸಿಂಫನಿ ಶುರುವಾಯಿತು. ಜೋರಾದ ಕಡೆಗಳಲ್ಲಿ ಅವಳ ಕೈ ಅವಳದೇ ಆಗಿತ್ತು, ಹದಿನಾರು ಕಮಾನುಗಳು ಅವಳ ಕಮಾನನ್ನು ನೋಡಿ ಏಳುತ್ತಿದ್ದವು, ಬೀಳುತ್ತಿದ್ದವು. ಆ ಹೊತ್ತಿಗೆ ಭಯ ಎಲ್ಲಿ ಹೋಗಿ ಕೂರುತ್ತದೆ? ಇಲ್ಲೇ ಎಲ್ಲೋ, ಕುರ್ಚಿಯ ಕೆಳಗೆ. ಎರಡನೆಯ ಭಾಗ ಮುಗಿಯಿತು. ಮೂರನೆಯದು ಬಂತು. ಕ್ಲೈವ್ ಪುಟ ತಿರುವಿದ, ಮತ್ತೆ ತಿರುವಿದ, ಅವನ ದಪ್ಪ ಬೆರಳುಗಳು ಕಾಗದದ ಮೂಲೆಯನ್ನು ಹಿಡಿಯುವ ರೀತಿ ಎಷ್ಟು ನಾಜೂಕು ಎಂದು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಈಗ ಇವನು ಕೂತಿರುವುದು ಆಗ ತಾನು ಕೂತಿದ್ದ ಜಾಗ. ಹಿಂದೆ ಕೂತು ತನ್ನ ಬೆರಳು ತಂತಿಯ ಮೇಲೆ ಹೋದದ್ದನ್ನೂ, ಬಂದದ್ದನ್ನೂ ಇವನು ನೋಡಿರುವನು. ಆ ದಿನ ತಾನು ಮಾಡಿದ್ದನ್ನೇ ಇವನು ಇಂದು ಮಾಡಿದರೆ, ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು, ಲಿಪಿಯಲ್ಲಿ ಬರೆದಂತೆ ನಡೆದು, ಹೊತ್ತಿಗೆ ಸರಿಯಾಗಿ ಪುಟ ತಿರುವಿದರೆ, ಯಾರು ಏನೆನ್ನುವಂತಿದೆ? ಅವಳಂತೂ ಎನ್ನುವಂತಿಲ್ಲ. ಕೊಳಲು ನಿಂತಿತು. ಹಿಂದಿನ ಸಾಲಿನವರು ಕಮಾನು ಇಳಿಸಿದರು. ಕೊನೆಗೆ ತಂಬೂರಿಯಂತೆ ಗುಂಯ್‌ಗುಡುತ್ತಿದ್ದ ದೊಡ್ಡ ಪಿಟೀಲುಗಳೂ ನಿಂತವು. ಅವಳೊಬ್ಬಳೇ.

ಹತ್ತಿದಳು. ಹತ್ತುವುದು ಕಷ್ಟವಲ್ಲ, ಬೆರಳುಗಳಿಗೆ ದಾರಿ ಗೊತ್ತು. ತುದಿಗೆ ಬಂದಳು. ಸ್ವರವನ್ನು ಹಿಡಿದಳು. ಅದು ಅಲ್ಲಿತ್ತು, ಶುದ್ಧವಾಗಿ, ಸೂಜಿಮೊನೆಯಷ್ಟು, ಬೆಟ್ಟದ ಮೇಲಿನ ಬಿಳುಪಿನಂತೆ ತಣ್ಣಗೆ. ಕಮಾನು ಜಾರುತ್ತಾ ನಡುಭಾಗಕ್ಕೆ ಬಂತು. ಬರುತ್ತಿದೆ, ಎಂದುಕೊಂಡಳು. ಮೊಣಕೈಯಲ್ಲಿ ಮೊದಲು, ಆಮೇಲೆ ಮಣಿಕಟ್ಟಿನಲ್ಲಿ. ಬಂತು. ಸ್ವರ ಒಮ್ಮೆ ಕಂಪಿಸಿತು. ಇನ್ನೊಮ್ಮೆ. ಕೆಳಗೆ ಕತ್ತಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು, ಅದು ಅದೇ ಕೆಮ್ಮು ಎಂದು ಅವಳಿಗೆ ಖಾತ್ರಿಯಾಗಿ ಅನಿಸಿತು, ಇಷ್ಟು ವರ್ಷ ಇದೇ ಸಭಾಂಗಣದಲ್ಲಿ ಕಾಯುತ್ತಾ ಕೂತಿದ್ದ ಕೆಮ್ಮು. ಕಮಾನು ತಂತಿಯನ್ನು ಬಿಟ್ಟು ಎದ್ದಿತು. ಅವಳು ಅದನ್ನು ಎತ್ತಿರಲಿಲ್ಲ, ಅದೇ ಎದ್ದಿತು.

ಸ್ವರ ನಿಲ್ಲಲಿಲ್ಲ.

ಅವಳಿಗೆ ಅರ್ಥವಾಗಲಿಲ್ಲ. ಕಮಾನು ತಂತಿಯಿಂದ ಕೂದಲೆಳೆಯಷ್ಟು ಮೇಲೆ ಗಾಳಿಯಲ್ಲಿ ನಡುಗುತ್ತಿತ್ತು, ಸ್ವರ ಮಾತ್ರ ಹಾಗೆಯೇ, ಅದೇ ಎತ್ತರದಲ್ಲಿ, ಅದೇ ತಣ್ಣಗೆ, ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಎಡಗಡೆಯಿಂದ ಬರುತ್ತಿತ್ತು. ಕಣ್ಣು ಮಾತ್ರ ಹೊರಳಿಸಿದಳು. ಕ್ಲೈವ್ ಪಿಟೀಲನ್ನು ಗದ್ದಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ತನ್ನ ದಪ್ಪ ತೋಳನ್ನು ತೀರಾ ನಿಧಾನವಾಗಿ ಎಳೆಯುತ್ತಿದ್ದ. ಅವನ ಹಣೆಯ ಮೇಲೆ ಬೆವರಿತ್ತು. ಯಾವಾಗ ಸೇರಿದನೋ, ಅವಳ ಸ್ವರ ಮೊದಲ ಸಲ ಅದುರುವ ಮುಂಚೆಯೇ ಒಳಗೆ ಬಂದಿರಬೇಕು.

ಜನರಿಗೆ ತಿಳಿದಿಲ್ಲ. ಅವಳು ಕಮಾನನ್ನು ಹೀಗೆಯೇ ಗಾಳಿಯಲ್ಲಿ ಎಳೆಯುತ್ತಾ ಹೋದರೆ ಸಾಕು, ಕೆಳಗಿನವರಿಗೆ ಅವಳೇ ನುಡಿಸುತ್ತಿರುವಂತೆ ಕಾಣುತ್ತದೆ. ಪತ್ರಿಕೆಯವನು ಮತ್ತೆ ಬರೆಯುತ್ತಾನೆ, ನಂಬಬಹುದಾದ ವಾದಕಿ. ಲಾನ್ಸೆಸ್ಟನ್ ಊರಿನಲ್ಲಿ ಇದೇ ಕಛೇರಿ ಮತ್ತೊಮ್ಮೆ ಇದೆ, ಅಲ್ಲಿಯೂ ಹೀಗೆಯೇ ಮಾಡಬಹುದು, ಕ್ಲೈವ್ ಮಾತಾಡುವವನಲ್ಲ. ಅವಳು ಗಾಳಿಯಲ್ಲಿ ಕಮಾನು ಎಳೆದಳು. ಒಂದು ಗಳಿಗೆ ಎಳೆದಳು. ಆಗ ಪುಟ ಕಂಡಿತು. ಬಲಗಡೆಯ ಪುಟ, ಕೊನೆಯ ಸಾಲು, ಕನ್ನಡಕ, ಅಷ್ಟೇ. ಮುಂದಿನದೆಲ್ಲಾ ಆಚೆ ಬದಿಗಿತ್ತು. ಈ ಸ್ವರ ಮುಗಿದೊಡನೆ ಉಸಿರಿಗೂ ಬಿಡುವಿಲ್ಲದೆ ಕೊನೆಯ ಭಾಗ ಸಿಡಿಯುತ್ತದೆ, ಮೊದಲ ಸ್ಟ್ಯಾಂಡನ್ನು ನೋಡಿ ಎಲ್ಲ ಪಿಟೀಲುಗಳೂ ಹಾರುತ್ತವೆ. ಅವಳಿಗೆ ಅದು ಬಾಯಿಪಾಠ. ಕ್ಲೈವನಿಗಲ್ಲ. ಅವನು ಯಾವುದನ್ನೂ ಬಾಯಿಪಾಠ ಮಾಡದವನು, ತನ್ನ ಮನೆಯ ವಿಳಾಸವನ್ನೂ ನೋಡಿಕೊಂಡೇ ಬರೆಯುತ್ತೇನೆ ಎನ್ನುವವನು. ಅವನ ಎರಡೂ ಕೈ ಅವಳ ಸ್ವರದಲ್ಲಿ ಸಿಕ್ಕಿಕೊಂಡಿದ್ದವು. ಅವಳೇ ಪುಟ ತಿರುವಿದರೆ ಅವಳು ನುಡಿಸುತ್ತಿಲ್ಲವೆಂದು ಮೂರನೆಯ ಸಾಲಿನ ನೇರಳೆ ಹ್ಯಾಟಿಗೂ ತಿಳಿಯುತ್ತದೆ. ತಿರುವದಿದ್ದರೆ ಅವಳನ್ನು ಹೊತ್ತುಕೊಂಡವನು ಎಲ್ಲರೆದುರು ಎಡವಿ ಬೀಳುತ್ತಾನೆ.

ಅಂಥ ಭಯವನ್ನು ಅವಳು ಲಂಡನ್ನಿನಲ್ಲೂ ಕಂಡಿರಲಿಲ್ಲ. ಪಿಟೀಲನ್ನು ಇಳಿಸಿ ತೊಡೆಯ ಮೇಲಿಟ್ಟಳು. ಕಮಾನನ್ನು ಎಡಗೈಗೆ ದಾಟಿಸಿದಳು. ನಡುಗುತ್ತಿದ್ದ ಬಲಗೈಯನ್ನು ಎಲ್ಲರೂ ನೋಡುವಂತೆ, ದೀಪದ ಬೆಳಕಿಗೆ ಚಾಚಿ, ಪುಟದ ಮೂಲೆ ಹಿಡಿದಳು. ಎಷ್ಟೋ ವರ್ಷಗಳಿಂದ ಪುಟ ಮುಟ್ಟಿರದ ಬೆರಳು. ಕಾಗದ ಜಾರಿತು. ಮತ್ತೆ ಹಿಡಿದಳು, ಮೂಲೆ ಮಡಚಿಕೊಂಡಿತು, ಆ ನಿಶ್ಶಬ್ದದಲ್ಲಿ ಒಣ ಎಲೆ ತುಳಿದ ಹಾಗೆ ಸದ್ದಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಪುಟ ತಿರುಗಿತು. ಟೊಬಾಯಸ್ ಅವಳನ್ನೇ ನೋಡುತ್ತಿದ್ದ, ಕೋಲನ್ನು ಎತ್ತಿ ಹಾಗೆಯೇ ಹಿಡಿದಿದ್ದ, ಅವಳು ಪಿಟೀಲನ್ನು ಮತ್ತೆ ಗದ್ದಕ್ಕೇರಿಸುವವರೆಗೂ ಹಿಡಿದಿದ್ದ. ಕ್ಲೈವನ ಸ್ವರ ತಾನಾಗಿಯೇ, ಅವಸರವಿಲ್ಲದೆ, ಇಲ್ಲವಾಯಿತು. ಕೊನೆಯ ಭಾಗ ಸಿಡಿಯಿತು.

ಚಪ್ಪಾಳೆಯ ನಡುವೆ ಟೊಬಾಯಸ್ ಅವಳತ್ತ ಕೈ ಚಾಚಿದ. ಒಬ್ಬಳೇ ನುಡಿಸಿದವಳು ಒಬ್ಬಳೇ ಎದ್ದು ನಿಲ್ಲಬೇಕು, ಅದು ಪದ್ಧತಿ. ಅವಳು ಎದ್ದಳು. ಎದ್ದು, ಬಗ್ಗಿ, ಕ್ಲೈವನ ತೋಳು ಹಿಡಿದೆಳೆದಳು.

"ಕೂತ್ಕೊಳೇ ಹುಚ್ಚಿ" ಎಂದ ಅವನು ಹಲ್ಲು ಕಚ್ಚಿ.

"ಎದ್ದೇಳೋ."

"ನನ್ ಕೋಟಿನ ಗುಂಡಿ ಹೋಗಿದೆ ಕಣೇ. ಆ ಹಾಳು ಸ್ವರ ಎಳೆಯುವಾಗ ಹಾರ್ಹೋಯ್ತು."

"ಪಿಟೀಲು ಅಡ್ಡ ಹಿಡ್ಕೋ. ಎದ್ದೇಳು."

ಎದ್ದ, ಪಿಟೀಲಿನಿಂದ ಹೊಟ್ಟೆ ಮುಚ್ಚಿಕೊಂಡು. ಜನರ ಚಪ್ಪಾಳೆ ಒಂದು ಕ್ಷಣ ಗೊಂದಲಗೊಂಡು ಮತ್ತೆ ಹರಿಯಿತು. ಅದರ ಕೆಳಗೆ ಇನ್ನೊಂದು ಸದ್ದು, ನೆಲಕ್ಕೆ ಬೂಟು ಉಜ್ಜುವುದು. ಇದರಲ್ಲಿ ನಿನ್ನೆಯ ಎಚ್ಚರಿಕೆ ಇರಲಿಲ್ಲ. ಕಹಳೆಯವರು ಒದೆಯುತ್ತಿದ್ದಾರೋ ಎಂಬಷ್ಟು ಒರಟಾಗಿತ್ತು.

ಸಭಾಂಗಣ ಖಾಲಿಯಾದ ಮೇಲೆ ಇಬ್ಬರೂ ಸ್ಟ್ಯಾಂಡಿನ ಹತ್ತಿರವೇ ಉಳಿದರು. ಕ್ಲೈವ್ ಬಗ್ಗಿ ನೆಲದ ಮೇಲೆ ಗುಂಡಿ ಹುಡುಕುತ್ತಿದ್ದ. ಅವನ ಬೆನ್ನಿಗೆ ಹೇಳಿದಳು, "ಗೇಜಾ ಅವರ ಆ ದಿನ ನೀನು ನನ್ನ ಹಿಂದೇನೇ ಕೂತಿದ್ದೆ."

"ಕೂತಿದ್ದೆ."

"ನೋಡ್ದೆ ಅಲ್ವಾ?"

"ನೋಡ್ದೆ." ಅವನು ಇನ್ನೂ ಹುಡುಕುತ್ತಲೇ ಇದ್ದ. "ನನ್ನ ತೊಡೆ ಮೇಲೂ ಒಂದು ಪಿಟೀಲು ಇತ್ತಲ್ಲ ನೆರಿಡಾ. ನಾನೂ ಎತ್ತಲಿಲ್ಲ."

ಅದು ಅವಳಿಗೆ ಎಂದೂ ಹೊಳೆದಿರಲಿಲ್ಲ. ಕಮಾನಿನ ಕೂದಲನ್ನು ಸಡಿಲಿಸಿದಳು. ಆಮೇಲೆ, "ಆ ಕನ್ನಡಕ?" ಎಂದಳು.

"ಅದು ನಂಗೆ ಹಾಕ್ಕೊಂಡಿದ್ದು. ನೀನ್ಯಾಕೆ ಅಳಿಸ್ತಾ ಇದ್ಯೋ ದೇವ್ರಿಗೇ ಗೊತ್ತು. ನಂಗೆ ಎಲ್ಲಿ ಬರಬೇಕು ಅಂತ ಮರ್ತೋಗುತ್ತೆ." ಗುಂಡಿ ಸಿಕ್ಕಿತು. ಎದ್ದು ನಿಂತು ಏದುಸಿರು ಬಿಟ್ಟ. "ಆದ್ರೆ ಪುಟ ಮಾತ್ರ ಹಾಳು ಮಾಡ್ದೆ ಕಣಮ್ಮ. ಆಗೆಲ್ಲಾ ಎಷ್ಟು ಚೆನ್ನಾಗಿ ತಿರುವ್ತಿದ್ದೆ. ಈಗ ನೋಡು ಮೂಲೆ, ನಮ್ಮ ಕೋಳಿ ಕುಕ್ಕಿದ ಹಾಗಿದೆ."

ಕೆವ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಮೊದಲ ಸಾಲಿಗೆ ಬಂದ. ನೆರಿಡಾ ತನ್ನ ಕುರ್ಚಿಯನ್ನು ತಾನೇ ಎತ್ತಿ ಅವನ ಕೈಗೆ ಕೊಟ್ಟಳು. "ಕೆವ್, ಲಾನ್ಸೆಸ್ಟನ್ನಿಗೆ ಇದನ್ನ ಕ್ಲೈವ್‌ಗೆ ಹಾಕು. ಹೊರಗಡೆ. ನಾನು ಒಳಗೆ ಕೂತ್ಕೋತೀನಿ. ಟೊಬಾಯಸ್‌ಗೆ ನಾನೇ ಹೇಳ್ತೀನಿ."

ಕ್ಲೈವ್ ಗುಂಡಿಯನ್ನು ಜೇಬಿಗೆ ಹಾಕಿಕೊಂಡ. ಕೆವ್ ಕುರ್ಚಿಯನ್ನು ತಲೆಕೆಳಗಾಗಿಸಿ ಕಾಲುಗಳನ್ನು ನೋಡಿದ. "ಒಳಗಿನದು ಇದಕ್ಕಿಂತ ಜಾಸ್ತಿ ಕಿರ್ರ್ ಅನ್ನುತ್ತೆ" ಎಂದ. "ಅದಕ್ಕೂ ರಬ್ಬರ್ ಹಾಕ್ತೀನಿ."

"ಹಾಕಪ್ಪ" ಎಂದಳು ನೆರಿಡಾ.

ಮೊಟ್ಟೆಯ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಒಳಗಿನ ಕುರ್ಚಿಯಲ್ಲಿ ಕೂತಳು. ಜನರ ಕಡೆ ಈಗ ಒಂದು ಕುರ್ಚಿಯಷ್ಟು ದೂರವಿತ್ತು. ಸ್ಟ್ಯಾಂಡಿನ ಮೇಲಿನ ಪುಟವನ್ನು ಹಿಂದಕ್ಕೆ ತಿರುವಿ, ಮಡಚಿಹೋದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೇರ ಮಾಡಲು ನೋಡಿದಳು. ಆಗಲಿಲ್ಲ. ಇನ್ನೊಮ್ಮೆ ತಿರುವಿದಳು. ಇನ್ನೊಮ್ಮೆ. ಸದ್ದಾಗದಂತೆ ತಿರುವುವುದನ್ನು ಕೈ ಮತ್ತೆ ಕಲಿಯಬೇಕಿತ್ತು.